ರಿಸಲ್ಟ್ ದಿನ ನೆಟ್ ಕೈಕೊಟ್ಟಾಗ

ಈಗಿನ ಮಕ್ಕಳಿಗೆ ನಂಬಲಿಕ್ಕೆ ಕಷ್ಟ, ಆದರೂ ಹೇಳುತ್ತೇನೆ ಕೇಳಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಬೇಕೆಂದರೆ ತಿಪಟೂರಿನಂಥ ಊರಿನಲ್ಲಿ ಆಗ ಬ್ರೌಸಿಂಗ್ ಸೆಂಟರಿನ ಮುಂದೆ ಸರದಿ ನಿಲ್ಲಬೇಕಿತ್ತು. ಶಾಲೆಯ ನೋಟಿಸ್ ಬೋರ್ಡಿಗೆ ಪಟ್ಟಿ ಬರುವತನಕ ಕಾಯುವ ತಾಳ್ಮೆ ಹದಿನಾರರ ವಯಸ್ಸಿಗೆ ಎಲ್ಲಿಂದ ಬರಬೇಕು? ಹಾಲ್ ಟಿಕೆಟ್ ಹಿಡಿದು ಬರುವವರು ಕೆಲವರು, ಅಂಗೈ ಮೇಲೆ ನಂಬರು ಬರೆದುಕೊಂಡು ಬರುವವರು ಕೆಲವರು. ಸುತ್ತಲ ಹಳ್ಳಿಗಳಿಂದ ಮೊದಲ ಬಸ್ಸಿಗೇ ಬಂದು ಕೂತ ಅಪ್ಪಂದಿರೂ ಇರುತ್ತಿದ್ದರು.

ನಾನು ಹೇಳುತ್ತಿರುವುದು 2009ರ ಬೇಸಿಗೆಯ ಮಾತು. ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದೆ. ಭಾನುವಾರ ಬಂದರೆ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು ರಾಜಾಜಿನಗರದ ಒಂದು ಕೋಚಿಂಗಿಗೆ ಹೋಗುತ್ತಿದ್ದೆ. ಸಿಸಿಎನ್ಎ ತಯಾರಿ. ನೆಟ್‌ವರ್ಕ್ ಕೆಲಸಕ್ಕೆ ಸೇರಬೇಕೆಂದು ಆಸೆಪಟ್ಟವರು ಆಗ ಮೊದಲು ಬರೆಯುತ್ತಿದ್ದ ಪರೀಕ್ಷೆ ಅದು. ಸಿಸ್ಕೊ ಕಂಪನಿ ನಡೆಸುತ್ತಿತ್ತು, 640-802 ಅಂತ ಅದರ ನಂಬರು. 1000ಕ್ಕೆ 825 ಬರಬೇಕು. ಒಂದು ಪ್ರಶ್ನೆ ದಾಟಿದರೆ ತಿರುಗಿ ಅದಕ್ಕೆ ಬರುವಂತಿಲ್ಲ. ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ, ಲೆಕ್ಕವೆಲ್ಲ ತಲೆಯಲ್ಲೇ ಆಗಬೇಕು. ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡ ಟಾಡ್ ಲ್ಯಾಮ್ಲ್ ಅವರ ದಪ್ಪ ಪುಸ್ತಕ, ಎಸ್‌ಪಿ ರೋಡಿನಲ್ಲಿ ತಂದ ಕ್ರಿಂಪಿಂಗ್ ಟೂಲ್, ಒಂದು ಪೊಟ್ಟಣ ಆರ್‌ಜೆ-45 ಕನೆಕ್ಟರ್. ಇಷ್ಟು ನನ್ನ ಬಂಡವಾಳ. ರೈಲಿನಲ್ಲಿ ಕೂತು ಸಬ್‌ನೆಟ್ ಲೆಕ್ಕ ಮಾಡುತ್ತಿದ್ದೆ. ಒಂದು ನೆಟ್‌ವರ್ಕನ್ನು /26 ಅಂತ ಕತ್ತರಿಸಿದರೆ ತುಂಡಿಗೆ 64 ವಿಳಾಸ. ಮೊದಲನೆಯದು ನೆಟ್‌ವರ್ಕಿನ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೆ, ಯಂತ್ರಗಳಿಗೆ ಉಳಿಯುವುದು 62. ತುಮಕೂರು ದಾಟುವುದರೊಳಗೆ ಒಂದು ಪುಟ ತುಂಬುತ್ತಿತ್ತು.

ನಮಗೆ ಪಾಠ ಹೇಳುತ್ತಿದ್ದ ಸರ್ ಹಿಂದೆ ಟೆಲಿಫೋನ್ ಕೇಬಲ್ ಕೆಲಸದಲ್ಲಿದ್ದವರು. ನೆಟ್‌ವರ್ಕಿನ ಕೆಲಸವನ್ನು ಪದರ ಪದರವಾಗಿ ವಿಂಗಡಿಸುವ ಓಎಸ್ಐ ಮಾದರಿಯ ಏಳು ಪದರಗಳನ್ನು ಎಲ್ಲ ಕಡೆ ಉರು ಹೊಡೆಸುತ್ತಾರೆ. ನಮ್ಮ ಸರ್ ಮಾತ್ರ ಮೊದಲ ದಿನವೇ, ಮೊದಲ ಪದರ ಇದೇ ಅಂತ, ಕೈಗೆ ತಂತಿ ಕೊಟ್ಟು ಕೂರಿಸಿದರು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಬೆರಳು ನೋಯುವವರೆಗೂ ಕ್ರಿಂಪ್ ಮಾಡಿಸಿದ ಮೇಲೆ ಎರಡನೆಯ ಪದರ, ತಂತಿಗಳೆಲ್ಲ ಬಂದು ಸೇರುವ ಸ್ವಿಚ್ಚು. ಆಮೇಲೆ ಮೂರನೆಯದು, ಐಪಿ ವಿಳಾಸ. ಯಾರಾದರೂ 'ಸರ್, ನೆಟ್ ಬರ್ತಿಲ್ಲ' ಅಂದರೆ ಅವರದು ಒಂದೇ ಮಾತು: "ಎಲ್ಲಿ ತಪ್ಪಿದೆ ಅಂತ ಆಮೇಲೆ ಹುಡುಕೋಣ. ಮೊದಲು ಎಲ್ಲಿ ತಪ್ಪಿಲ್ಲ ಅನ್ನೋದನ್ನ ಬರೀರಿ." ಆ ಮಾತಿನ ತೂಕ ನನಗೆ ತಿಳಿದದ್ದು ರಿಸಲ್ಟಿನ ದಿನ.

ನಮ್ಮ ಬೀದಿ ಕೊನೆಯಲ್ಲಿದ್ದ ಬ್ರೌಸಿಂಗ್ ಸೆಂಟರಿನ ಯಜಮಾನರನ್ನು ಊರೆಲ್ಲ ಅಣ್ಣ ಅಂತಲೇ ಕರೆಯುತ್ತಿತ್ತು. ಮಧ್ಯಾಹ್ನ ಗಿರಾಕಿ ಇಲ್ಲದಾಗ ನನಗೆ ಒಂದು ಸಿಸ್ಟಮ್ ಬಿಟ್ಟುಕೊಡುತ್ತಿದ್ದರು, ದುಡ್ಡು ಕೇಳುತ್ತಿರಲಿಲ್ಲ. ಅಲ್ಲೇ ಪ್ಯಾಕೆಟ್ ಟ್ರೇಸರ್ ಎಂಬ ಸಾಫ್ಟ್‌ವೇರಿನಲ್ಲಿ ರೂಟರು ಸ್ವಿಚ್ಚು ಜೋಡಿಸಿ ಅಭ್ಯಾಸ ಮಾಡುತ್ತಿದ್ದೆ. ಅವತ್ತು ಬೆಳಗ್ಗೆ ಅಂಗಡಿ ಹುಡುಗ ಓಡಿಬಂದ. "ಅಕ್ಕಾ, ಅಣ್ಣ ಕರೀತವ್ರೆ. ನೆಟ್ ಹೋಗೈತೆ."

ಹೋಗಿ ನೋಡಿದರೆ ರಸ್ತೆಯವರೆಗೂ ಜನ. ಒಳಗೆ ಹತ್ತು ಸಿಸ್ಟಮ್. ಅದರಲ್ಲಿ ಮೂರು ಸರಿಯಾಗಿ ನಡೆಯುತ್ತಿವೆ, ಏಳರಲ್ಲಿ ಏನೂ ಬರುತ್ತಿಲ್ಲ. ಅಣ್ಣ ಫೋನ್ ಹಿಡಿದು ಲೈನ್ ಹೋಗಿದೆ ಅಂತ ಯಾರಿಗೋ ದೂರು ಹೇಳುತ್ತಿದ್ದರು. ಪಕ್ಕದ ಮೊಬೈಲ್ ಅಂಗಡಿಯವರು ವೈರಸ್ಸೇ ಸೈ ಅಂದರು. ಮತ್ತೊಬ್ಬರು ಏಳಕ್ಕೂ ಫಾರ್ಮ್ಯಾಟ್ ಹೊಡೆಯಿರಿ ಅಂದರು. ಅಣ್ಣ ನನ್ನ ಮುಖ ನೋಡಿ, "ಏನಮ್ಮಾ, ಇಷ್ಟು ದಿನ ಓದಿದ್ದೀಯ. ನೋಡು ಸ್ವಲ್ಪ. ಮಕ್ಕಳು ಅಳೋ ಹಂಗಾಗವ್ರೆ" ಅಂದರು.

ನಾನು ತಪ್ಪಿಲ್ಲದ್ದನ್ನು ಬರೆಯಲು ಶುರು ಮಾಡಿದೆ. ಮೂರು ಸಿಸ್ಟಮಿನಲ್ಲಿ ನೆಟ್ ಇದೆ ಅಂದಮೇಲೆ ಫೋನ್ ಲೈನು, ಮೋಡೆಮ್ಮು ಎರಡೂ ನಿರಪರಾಧಿ. ಸ್ವಿಚ್ಚಿನಲ್ಲಿ ಎಲ್ಲ ದೀಪಗಳೂ ಮಿನುಗುತ್ತಿವೆ. ತಂತಿ, ಕಾರ್ಡು ಸರಿ ಇವೆ. ಒಂದು ಮತ್ತು ಎರಡನೆಯ ಪದರ ಅಲ್ಲಿಗೆ ಮುಗಿಯಿತು. ಇನ್ನು ಮೂರನೆಯದು. ಕೆಟ್ಟ ಸಿಸ್ಟಮೊಂದರಲ್ಲಿ ಕಪ್ಪು ಪರದೆ ತೆರೆದು ಐಪಿಕಾನ್ಫಿಗ್ ಅಂತ ಹೊಡೆದೆ. 192.168.0.102 ಬಂತು. ಸರಿಯಿದ್ದ ಸಿಸ್ಟಮಿಗೆ ಹೋಗಿ ಅದನ್ನೇ ಹೊಡೆದೆ: 192.168.1.7.

ಮೂರನೆಯ ಅಂಕಿ ನೋಡಿ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಒಂದು. ಮಾಸ್ಕ್ 255.255.255.0 ಇರುವಾಗ ಮೊದಲ ಮೂರು ಅಂಕಿ ಸೇರಿ ನೆಟ್‌ವರ್ಕಿನ ಗುರುತು. ಅಂದರೆ ಒಂದೇ ಕೋಣೆಯಲ್ಲಿ, ಒಂದೇ ಸ್ವಿಚ್ಚಿನ ಮೇಲೆ, ಎರಡು ನೆಟ್‌ವರ್ಕು ಕೂತಿವೆ. 192.168ರಿಂದ ಶುರುವಾಗುವ ವಿಳಾಸಗಳು ಯಾರ ಸೊತ್ತೂ ಅಲ್ಲ. ಮನೆ, ಕಚೇರಿ, ಅಂಗಡಿಯ ಒಳಬಳಕೆಗೆಂದು 1994ರಲ್ಲೇ ತೆಗೆದಿಟ್ಟವು. ಮೋಡೆಮ್, ರೂಟರಿನ ಹೆಚ್ಚಿನ ಡಬ್ಬಿಗಳು ಕಾರ್ಖಾನೆಯಿಂದಲೇ ಅಂಥದೊಂದು ವಿಳಾಸ ಹೊತ್ತು ಬರುತ್ತವೆ. ನಮ್ಮ ಮೋಡೆಮ್ಮಿನದು 192.168.1.1. ಹಾಗಾದರೆ ಸೊನ್ನೆಯ ವಿಳಾಸ ಕೊಟ್ಟವರು ಯಾರು? ಐಪಿಕಾನ್ಫಿಗ್ ಮುಂದೆ ಆಲ್ ಸೇರಿಸಿ ಹೊಡೆದರೆ ಡಿಎಚ್‌ಸಿಪಿ ಸರ್ವರ್ ಅಂತ ಒಂದು ಸಾಲು ಬರುತ್ತದೆ. ಅಲ್ಲಿ 192.168.0.1 ಇತ್ತು. ಅಂಗಡಿಯಲ್ಲಿ ಆ ವಿಳಾಸದ ಯಾವ ಸಾಮಾನೂ ಇರಲಿಲ್ಲ.

ಡಿಎಚ್‌ಸಿಪಿ ಕೆಲಸ ಮಾಡುವ ರೀತಿಯನ್ನು ಇಲ್ಲಿ ಹೇಳಲೇಬೇಕು. ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಸಿಸ್ಟಮ್ ಆನ್ ಆದಾಗ ಅದಕ್ಕೆ ವಿಳಾಸವೇ ಇರುವುದಿಲ್ಲ. ಜಾತ್ರೆಗೆ ಬಂದ ಹೊಸಬ 'ಇಲ್ಲಿ ಯಾರಾದರೂ ತಂಗೋಕೆ ಜಾಗ ಕೊಡ್ತೀರಾ' ಅಂತ ಕೂಗಿದ ಹಾಗೆ ಅದು ನೆಟ್‌ವರ್ಕಿಗೆಲ್ಲ ಕೇಳುವಂತೆ ಕೂಗುತ್ತದೆ. ಓಗೊಟ್ಟವರು ಒಂದು ವಿಳಾಸ ಮುಂದಿಡುತ್ತಾರೆ, ಸಿಸ್ಟಮ್ ಅದನ್ನೇ ಕೊಡಿ ಅನ್ನುತ್ತದೆ, ಅವರು ಆಗಲಿ ಅನ್ನುತ್ತಾರೆ. ನಾಲ್ಕು ಮಾತಿನಲ್ಲಿ ವ್ಯವಹಾರ ಮುಗಿಯಿತು. ಕೊಟ್ಟವರು ಯೋಗ್ಯರೋ ಅಲ್ಲವೋ ಎಂದು ವಿಚಾರಿಸುವ ಪದ್ಧತಿ ಅದರಲ್ಲಿಲ್ಲ. ಸಾಮಾನ್ಯವಾಗಿ ಮೊದಲು ಉತ್ತರಿಸಿದವರೇ ಗೆದ್ದರು. ರಾತ್ರಿಯಿಡೀ ಡೌನ್‌ಲೋಡಿಗೆಂದು ಆನ್ ಇಟ್ಟಿದ್ದ ಮೂರು ಸಿಸ್ಟಮುಗಳು ತಮ್ಮ ಹಳೆಯ ವಿಳಾಸದಲ್ಲೇ ಇದ್ದವು. ಬೆಳಗ್ಗೆ ಆನ್ ಮಾಡಿದ ಏಳಕ್ಕೆ ಮೊದಲು ಓಗೊಟ್ಟವನು 192.168.0.1 ಎಂಬ ಅಪರಿಚಿತ. ಅವನೇ ನಿಮ್ಮ ದಾರಿ ನಾನೇ ಎಂದೂ ಹೇಳಿದ್ದ. ಅವನಿಂದಾಚೆಗೆ ದಾರಿಯೇ ಇರಲಿಲ್ಲ.

ಈಗ ಆ ಡಬ್ಬಿಯನ್ನು ಹುಡುಕಬೇಕು. ಸ್ವಿಚ್ಚಿನ ಹಿಂದೆ ತಂತಿಗಳ ಗಂಟು, ಒಂದಕ್ಕೂ ಚೀಟಿ ಅಂಟಿಸಿಲ್ಲ. ಪಿಂಗ್ ನೆನಪಾಯಿತು. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಒಂದು ನೆಟ್‌ವರ್ಕ್ ತೊಂದರೆ ಹುಡುಕುವುದಕ್ಕೆಂದೇ ಒಂದೇ ಸಂಜೆ ಕೂತು ಬರೆದ ಪುಟ್ಟ ಪ್ರೋಗ್ರಾಮ್. ಒಂದು ವಿಳಾಸಕ್ಕೆ 'ಇದ್ದೀಯಾ' ಅಂತ ಕೇಳುವುದು, 'ಇದ್ದೇನೆ' ಎಂಬ ಉತ್ತರಕ್ಕೆ ಕಾಯುವುದು, ಅಷ್ಟೇ ಅದರ ಕೆಲಸ. ಕೆಟ್ಟ ಸಿಸ್ಟಮೊಂದರಿಂದ 192.168.0.1ಕ್ಕೆ ನಿಲ್ಲದ ಹಾಗೆ ಪಿಂಗ್ ಹಚ್ಚಿದೆ. ಸರದಿಯ ಮುಂದಿದ್ದ ಒಬ್ಬ ಹುಡುಗನನ್ನು ಕರೆದು ಕೂರಿಸಿ, "ಇಲ್ಲಿ ರಿಪ್ಲೈ ಅಂತ ಬರ್ತಿರೋವರೆಗೂ 'ಬಂತು' ಅನ್ನು. ನಿಂತರೆ ಕೂಗು" ಅಂದೆ. ಸರಿಯಿದ್ದ ಮೂರು ಸಿಸ್ಟಮಿನ ತಂತಿಗಳನ್ನು ಕೈಯಾಡಿಸಿ ಗುರುತಿಟ್ಟುಕೊಂಡು ಬಿಟ್ಟೆ, ಅಲ್ಲಿ ಮಕ್ಕಳು ಕೂತಿದ್ದರು. ಪಿಂಗ್ ನಡೆಯುತ್ತಿದ್ದ ಸಿಸ್ಟಮಿನದನ್ನೂ ಮುಟ್ಟಲಿಲ್ಲ. ಉಳಿದವನ್ನು ಒಂದೊಂದಾಗಿ ಕಿತ್ತು ಹಾಕತೊಡಗಿದೆ.

"ಬಂತು. ಬಂತು. ಬಂತು. ಬಂತು."

ಹೊರಗೆ ನಿಂತವರಿಗೆ ಒಳಗೆ ಏನಾಗುತ್ತಿದೆಯೆಂದು ತಿಳಿಯದು. ಆದರೂ ಒಬ್ಬೊಬ್ಬರೇ ಮಾತು ನಿಲ್ಲಿಸಿ ಹುಡುಗನ ದನಿಯನ್ನೇ ಕೇಳತೊಡಗಿದರು. ಗೋಡೆ ಪಕ್ಕದ ಒಂದು ಬೂದು ತಂತಿ ಕಿತ್ತೆ.

"ನಿಂತ್ಹೋಯ್ತು ಅಕ್ಕಾ!"

ಚುಚ್ಚಿದೆ. "ಬಂತು." ಮತ್ತೆ ಕಿತ್ತೆ. "ನಿಂತ್ಹೋಯ್ತು!" ಒಂದು ಸಲ ಆದರೆ ಆಕಸ್ಮಿಕ ಇರಬಹುದು, ಎರಡು ಸಲ ನೋಡಿ ಅಂತ ಸರ್ ಹೇಳಿಕೊಟ್ಟಿದ್ದರು. ತಂತಿ ಹಿಡಿದು ಹೊರಟರೆ ಅದು ವೆಂಟಿಲೇಟರಿನಿಂದ ಹೊರಬಿದ್ದು, ಟಿವಿ ಕೇಬಲ್ ಜೊತೆ ಗೋಡೆ ಹತ್ತಿ ಮಹಡಿ ಮನೆಗೆ ಹೋಗಿತ್ತು. ಅಲ್ಲಿ ಅಣ್ಣನ ಭಾಮೈದ ಹಿಂದಿನ ರಾತ್ರಿ ಬೆಂಗಳೂರಿನಿಂದ ಬಂದಿದ್ದ, ಲ್ಯಾಪ್‌ಟಾಪಿನ ಜೊತೆ ಒಂದು ವೈಫೈ ರೂಟರನ್ನೂ ತಂದಿದ್ದ. ಕೆಳಗಿನಿಂದ ಬಂದ ತಂತಿಯನ್ನು ಅದರ ಲ್ಯಾನ್ ಕಿಂಡಿಗೆ ಚುಚ್ಚಿ, ನೆಟ್ ಸರಿಯಾಗಿ ಬರದೆ, ಲೈನೇ ಸರಿಯಿಲ್ಲವೆಂದುಕೊಂಡು ಮಲಗಿದ್ದ. ಆ ಪೆಟ್ಟಿಗೆಯ ಹಿಂದೆ ನೆಟ್ ಒಳಬರಲು ಒಂದು ಬೇರೆ ಬಣ್ಣದ ಕಿಂಡಿ, ಹಂಚಲು ನಾಲ್ಕು ಒಂದೇ ಬಣ್ಣದ ಲ್ಯಾನ್ ಕಿಂಡಿ. ಯಾವುದಕ್ಕೆ ಚುಚ್ಚಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ? ಅವನನ್ನು ಯಾರೂ ಬೈಯಲಿಲ್ಲ, ಬೈಯುವ ವಿಷಯವೂ ಅದಲ್ಲ.

ತಂತಿ ಬಿಚ್ಚಿ ಕೆಳಗೆ ಬಂದು ಏಳು ಸಿಸ್ಟಮಿನಲ್ಲೂ ಹಳೆಯ ವಿಳಾಸ ಬಿಡಿಸಿ ಹೊಸದು ಕೇಳಿಸಿದೆ. 192.168.1.8, 9, 10 ಅಂತ ಸಾಲಾಗಿ ಬಂದವು. ಆ ಅಂಕಿಗಳನ್ನು ಕಂಡು ಆದ ಸಂತೋಷ ನನಗೆ ನನ್ನ ಎಸ್ಸೆಸ್ಸೆಲ್ಸಿ ಅಂಕ ಕಂಡಾಗಲೂ ಆಗಿರಲಿಲ್ಲ. ಪುಸ್ತಕದಲ್ಲಿ ಸಾಲು ಎಳೆದು ಓದಿದ್ದು ಕಣ್ಣೆದುರು ನಡೆಯಿತು.

ಆದರೆ ರಿಸಲ್ಟಿನ ಪುಟ ಮಾತ್ರ ಅರ್ಧಕ್ಕೆ ನಿಂತು ನಿಂತು ಬರುತ್ತಿತ್ತು. ಅಣ್ಣ ಮತ್ತೆ ಗಾಬರಿಯಾದರು. ಮೋಡೆಮ್ಮಿಗೆ ಪಿಂಗ್ ಮಾಡಿದೆ, ಉತ್ತರ ಬಂತು. ಬೇರೆ ಎರಡು ಸೈಟು ತೆಗೆದೆ, ತಕ್ಷಣ ಬಂದವು. ರಾಜ್ಯದ ಮಕ್ಕಳೆಲ್ಲ ಒಂದೇ ಹೊತ್ತಿಗೆ ಒಂದೇ ಬಾಗಿಲು ತಟ್ಟುತ್ತಿದ್ದರು. "ಅಣ್ಣ, ಇದು ನಮ್ಮದಲ್ಲ. ಅಲ್ಲಿ ನೂಕುನುಗ್ಗಲು. ಕಾಯೋಣ, ಏನನ್ನೂ ಕೀಳೋದು ಬೇಡ" ಅಂದೆ. ಇಷ್ಟು ಧೈರ್ಯವಾಗಿ 'ಕಾಯೋಣ' ಅನ್ನಲು ಬರುವುದೂ ಓದಿನಿಂದಲೇ. ತಿಳಿಯದವರ ಕೈ ಆ ಹೊತ್ತಿಗೆ ಸರಿಯಿದ್ದದ್ದನ್ನೂ ಬಿಚ್ಚಿ ಹಾಕುತ್ತದೆ.

'ಬಂತು' ಅನ್ನುತ್ತಿದ್ದ ಹುಡುಗನ ಸರದಿಯೂ ಬಂತು. ಗಣಿತದಲ್ಲಿ ಹೋಗಿತ್ತು. ಅವನು ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಪರದೆ ನೋಡಿ, "ಅಕ್ಕಾ, ಆ ತಂತಿ ಕಿತ್ತಾಗ ಮಾತ್ರ ಯಾಕೆ ನಿಂತಿದ್ದು?" ಅಂತ ಕೇಳಿದ. ಕಾಗದದ ಮೇಲೆ ಸ್ವಿಚ್ಚು, ಮಹಡಿ, ಪೆಟ್ಟಿಗೆ ಬರೆದು ತೋರಿಸಿದೆ. ಪೂರಕ ಪರೀಕ್ಷೆಗೆ ಕಟ್ಟು ಅಂದೆ. ಸಂಜೆವರೆಗೂ ಅಂಗಡಿಯಲ್ಲೇ ಇದ್ದು, ಓದು ಬಾರದ ಅಪ್ಪಂದಿರಿಗೆ ಅವರ ಮಕ್ಕಳ ನಂಬರು ಟೈಪ್ ಮಾಡಿಕೊಟ್ಟ. ಆ ವಾರವೇ ಬಂದು ಕ್ರಿಂಪಿಂಗ್ ಕಲಿತ, ಆಮೇಲೆ ಬೈನರಿ. 128, 64, 32, 16 ಅಂತ ಕೂಡಿಸಿ ಕಳೆಯುವುದನ್ನು ನನಗಿಂತ ಬೇಗ ಮಾಡುತ್ತಿದ್ದ. ಗಣಿತ ಬಾರದ ಹುಡುಗ ಅಂತ ಅವನಿಗೆ ಯಾರು ಹೇಳಿದ್ದರೋ, ಅವರು ಅದನ್ನು ನೋಡಬೇಕಿತ್ತು.

ಮಹಡಿಯ ರೂಟರನ್ನೂ ಹಾಗೇ ಬಿಡಲಿಲ್ಲ. ಅದರ ಡಿಎಚ್‌ಸಿಪಿ ಆರಿಸಿ, ನಮ್ಮ ಸಾಲಿನಲ್ಲೇ ಬೇರೆ ಯಾರಿಗೂ ಹೋಗದ ಒಂದು ವಿಳಾಸ ಕೊಟ್ಟು, ಅದೇ ತಂತಿಗೆ ಮತ್ತೆ ಸೇರಿಸಿದೆ. ಮೇಲೆ ವೈಫೈ, ಕೆಳಗೆ ಹತ್ತು ಸಿಸ್ಟಮ್, ಜಗಳವಿಲ್ಲದೆ ನಡೆದವು. ಸ್ವಿಚ್ಚಿನ ಪ್ರತಿ ತಂತಿಗೂ ಚೀಟಿ ಅಂಟಿಸಿದೆವು.

ಭಾನುವಾರ ಸರ್‌ಗೆ ಹೇಳಿದೆ. ಅವರು ಶಹಬ್ಬಾಸ್ ಅನ್ನುವ ಮೊದಲು ಲ್ಯಾಬಿನ ಸ್ವಿಚ್ಚಿಗೆ ಇನ್ನೊಂದು ಡಿಎಚ್‌ಸಿಪಿ ಸರ್ವರ್ ಸೇರಿಸಿ ಇಡೀ ಕ್ಲಾಸಿಗೆ ಹುಡುಕಲು ಹೇಳಿದರು. ನಮ್ಮಲ್ಲೊಬ್ಬ ತಂತಿ ಕೀಳದೆಯೇ ಹಿಡಿದ: ಯಾವ ವಿಳಾಸ ಯಾವ ಕಾರ್ಡಿನದೆಂದು ಸಿಸ್ಟಮ್ ಬರೆದಿಡುವ ಎಆರ್‌ಪಿ ಪಟ್ಟಿಯಲ್ಲಿ ಆ ವಿಳಾಸದ ಮ್ಯಾಕ್ ನಂಬರನ್ನು, ಅಂದರೆ ಕಾರ್ಡಿನ ಗುರುತನ್ನು ನೋಡಿ, ಸ್ವಿಚ್ಚಿನೊಳಗೆ ಆ ಮ್ಯಾಕ್ ಯಾವ ಪೋರ್ಟಿನಲ್ಲಿ ಕಾಣುತ್ತಿದೆಯೆಂದು ಕೇಳಿದ. ಅಣ್ಣನ ಅಂಗಡಿಯ ಅಗ್ಗದ ಸ್ವಿಚ್ಚಿಗೆ ಆ ಪ್ರಶ್ನೆ ಕೇಳಲು ಬರುತ್ತಿರಲಿಲ್ಲ, ಸಿಸ್ಕೊ ಸ್ವಿಚ್ಚಿಗೆ ಬರುತ್ತದೆ. ಆಮೇಲೆ ಸರ್ ಡಿಎಚ್‌ಸಿಪಿ ಸ್ನೂಪಿಂಗ್ ತೋರಿಸಿದರು. ಯಾವ ಪೋರ್ಟಿನಿಂದ ವಿಳಾಸ ಹಂಚಬಹುದೆಂದು ಸ್ವಿಚ್ಚಿಗೇ ಹೇಳಿಟ್ಟರೆ, ಉಳಿದ ಪೋರ್ಟುಗಳಿಂದ ಬರುವ ಕೊಡುಗೆಯನ್ನು ಅದು ಅಲ್ಲೇ ತಡೆದು ಬಿಸಾಡುತ್ತದೆ. ಈಗ ಅದು ಸಿಸಿಎನ್ಎ ಪಠ್ಯದಲ್ಲೇ ಇದೆ. ನಾವು ಪರೀಕ್ಷೆಗೆ ಬೇಕೋ ಬೇಡವೋ ಎಂದು ಕೇಳದೆ ಕಲಿತೆವು. ಆ ವರ್ಷವೇ ಪರೀಕ್ಷೆ ಬರೆದು ಪಾಸಾದೆ. ನನ್ನ ಮೊದಲ ಕೆಲಸ ಬೆಂಗಳೂರಿನ ಒಂದು ಕಚೇರಿಯಲ್ಲಿ, ಮೊದಲ ವಾರ ಪೂರ್ತಿ ತಂತಿಗಳಿಗೆ ಚೀಟಿ ಅಂಟಿಸುವುದು.