ಉಪ್ಪು ತಿಂದ ಕಾರು

ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಚಳಿಯೆಂದರೆ ಧನುರ್ಮಾಸದ ಮುಂಜಾನೆಯ ಚಳಿ. ಹೆಗಲ ಮೇಲೊಂದು ಶಾಲು, ದೇವಸ್ಥಾನದಿಂದ ಬಂದ ಬಿಸಿ ಹುಗ್ಗಿ, ಅದರ ಮೇಲೆ ಒಂದು ಲೋಟ ಕಾಫಿ. ಇಷ್ಟಕ್ಕೇ ಸೋತು ಓಡುವ ಸಾಧು ಚಳಿ ಅದು. ಕಳೆದ ಡಿಸೆಂಬರಿನಲ್ಲಿ ಅಕ್ಕನ ಮನೆಯ ಅತಿಥಿಯಾಗಿ ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಹೋದಾಗ, ವಿಮಾನ ನಿಲ್ದಾಣದ ಬಾಗಿಲು ದಾಟಿದ ಕ್ಷಣದಲ್ಲೇ, ನಾನು ಇದುವರೆಗೆ ಚಳಿಯೆಂದು ಕರೆಯುತ್ತಿದ್ದುದು ಚಳಿಯೇ ಅಲ್ಲವೆಂಬ ಜ್ಞಾನೋದಯವಾಯಿತು. ಮೂಗಿನೊಳಗಿನ ತೇವ ಮುಳ್ಳಾಗಿ ಚುಚ್ಚಿತು. ಮಾತನಾಡಲು ತೆರೆದ ಬಾಯಿಂದ ಮಾತಿಗೆ ಬದಲು ಹೊಗೆ ಬಂದಿತು.

ಡೆಟ್ರಾಯಿಟ್ ವಿಚಿತ್ರವಾದ ಊರು. ಕೆನಡಾ ದೇಶವು ಅಮೆರಿಕದ ಉತ್ತರಕ್ಕಿದೆಯೆಂದು ಶಾಲೆಯಲ್ಲಿ ಕಲಿತವನು ಇಲ್ಲಿ ಬಂದು ಬೆಪ್ಪಾಗುತ್ತಾನೆ. ನಗರದ ನಡುಭಾಗದಲ್ಲಿ ನಿಂತರೆ ದಕ್ಷಿಣಕ್ಕೆ ನದಿ, ನದಿಯಾಚೆ ಕೆನಡಾ! 1701ರಲ್ಲಿ ಈ ಊರನ್ನು ಸ್ಥಾಪಿಸಿದವನು ಕ್ಯಾಡಿಲ್ಯಾಕ್ ಎಂಬ ಫ್ರೆಂಚ್ ಅಧಿಕಾರಿ. ಇನ್ನೂರು ವರ್ಷಗಳ ತರುವಾಯ ಇಲ್ಲಿನ ಜನ ತಮ್ಮ ಬೆಲೆಬಾಳುವ ಕಾರಿಗೆ ಅವನ ಹೆಸರನ್ನೇ ಇಟ್ಟರು. 1913ರಲ್ಲಿ ಹೆನ್ರಿ ಫೋರ್ಡನು ಚಲಿಸುವ ಸಾಲಿನಲ್ಲಿ ಕಾರು ಜೋಡಿಸುವ ಕ್ರಮವನ್ನು ಆರಂಭಿಸಿದ ಹೈಲ್ಯಾಂಡ್ ಪಾರ್ಕ್ ಈ ನಗರದ ಮಡಿಲಲ್ಲೇ ಇದೆ. 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ಡೆಟ್ರಾಯಿಟ್ 2020ರ ಗಣತಿಯಲ್ಲಿ ಆರು ಲಕ್ಷ ನಲವತ್ತು ಸಾವಿರದ ಒಳಗೆ ಇಳಿದಿತ್ತು. ನಡುವೆ, 2013ರಲ್ಲಿ, ನಗರಾಡಳಿತವೇ ದಿವಾಳಿಯೆಂದು ನ್ಯಾಯಾಲಯದ ಬಾಗಿಲು ತಟ್ಟಿತ್ತು. ಏರಿ, ಇಳಿದು, ಈಗ ಮತ್ತೆ ನಿಧಾನವಾಗಿ ಎದ್ದು ಕುಳಿತಿರುವ ಊರು ಇದು. ಇಂಥ ಊರಿನಲ್ಲಿ ಹಳೆಯ ವಸ್ತುವನ್ನು ಕಂಡರೆ ಜನರಿಗೆ ಒಂದು ಬಗೆಯ ಮಮತೆ.

ಅಂಥ ಒಂದು ಹಳೆಯ ವಸ್ತು ಭಾವನವರ ಮನೆಯಲ್ಲೂ ಇತ್ತು. ಇಪ್ಪತ್ತಾರು ವರ್ಷ ವಯಸ್ಸಿನ, ಹದಿನೇಳು ಅಡಿ ಉದ್ದದ ಒಂದು ಕಾರು. ಅದನ್ನು ಮಾಡಿದ ಕಂಪೆನಿಯ ಹೆಸರು ಇಲ್ಲಿ ಬೇಡ. ಅದಕ್ಕೆ ಬಂದ ಕಾಯಿಲೆಗಳು ಆ ವಯಸ್ಸಿನ ಯಾವ ಕಾರಿಗೂ ತಪ್ಪದ ಕಾಯಿಲೆಗಳು. ಒಂದು ಕಾಲಕ್ಕೆ ದೊಡ್ಡ ಮನುಷ್ಯರ ವಾಹನ. ತೊಗಲಿನ ಆಸನಗಳು, ಮರದ ಹೊಳಪಿನ ಒಳಪಟ್ಟಿ, ಕುಳಿತರೆ ದೋಣಿಯಲ್ಲಿ ತೇಲಿದ ಅನುಭವ. ಈಗ ತೊಗಲು ಬಿರಿದಿತ್ತು. ಚಕ್ರದ ಮೇಲಿನ ಕಮಾನುಗಳ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದು, ಒಳಗಿನ ತುಕ್ಕು ಇಣುಕುತ್ತಿತ್ತು.

“ಇದು ನನ್ನ ಕಾರು ಅಂತ ಹೇಳೋದು ಅರ್ಧ ಸತ್ಯ ಕಣಯ್ಯ. ಕಾಗದದಲ್ಲಿ ನಾನು ಯಜಮಾನ. ನಿಜವಾದ ಯಜಮಾನರು ಪಕ್ಕದ ಮನೆಯಲ್ಲಿದ್ದಾರೆ” ಎಂದು ಭಾವ ನಕ್ಕರು.

ಪಕ್ಕದ ಮನೆಯ ಹಿರಿಯರು ಎಂಬತ್ತೆರಡು ವರ್ಷದವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾರು ಕಾರ್ಖಾನೆಯಲ್ಲಿ ದುಡಿದವರು. ನಿವೃತ್ತರಾದಾಗ, ಜೀವಮಾನವೆಲ್ಲ ಬೇರೆಯವರಿಗಾಗಿ ಜೋಡಿಸಿದ್ದು ಸಾಕು, ಒಂದು ಒಳ್ಳೆಯ ಕಾರು ತಮಗೂ ಇರಲಿ ಎಂದು ಇದನ್ನು ಕೊಂಡರಂತೆ. ಪತ್ನಿ ತೀರಿಕೊಂಡರು, ಕಣ್ಣು ಮಂಜಾಯಿತು, ಚಾಲನೆಯನ್ನು ಬಿಡಬೇಕಾಯಿತು. ಏಳು ವರ್ಷದ ಹಿಂದೆ ಅಲ್ಪ ಹಣಕ್ಕೆ ಕಾರನ್ನು ಭಾವನವರಿಗೆ ಕೊಟ್ಟರು. ಕೊಡುವಾಗ ಒಂದೇ ಷರತ್ತು: “ಇದನ್ನು ಉಪ್ಪಿಗೆ ಬಿಟ್ಟುಕೊಡಬೇಡ.”

ಈ ಮಾತಿನ ಅರ್ಥ ನನಗೆ ತಿಳಿಯಲು ಒಂದು ರಾತ್ರಿ ಹಿಮ ಬೀಳಬೇಕಾಯಿತು. ಬೆಳಗ್ಗೆ ಕಿಟಕಿಯಿಂದ ನೋಡಿದರೆ ಬೀದಿ, ಬೇಲಿ, ಮರ ಎಲ್ಲವೂ ಅರಳೆಯಲ್ಲಿ ಹೂತಂತಿದ್ದವು. ಆ ಶ್ವೇತ ಸೌಂದರ್ಯವನ್ನು ವರ್ಣಿಸಲು ಯಾವುದೋ ಚಂಪೂಕಾವ್ಯದ ನೆರವನ್ನು ಮನಸ್ಸು ಅರಸುತ್ತಿದ್ದಾಗಲೇ ದೊಡ್ಡ ಲಾರಿಯೊಂದು ಗುಡುಗುತ್ತ ಬಂದು, ಬಿತ್ತನೆ ಮಾಡುವ ರೈತನಂತೆ ಬೀದಿಯುದ್ದಕ್ಕೂ ಕಲ್ಲುಪ್ಪನ್ನು ಎರಚಿಕೊಂಡು ಹೋಯಿತು. ಉಪ್ಪು ಬೆರೆತ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಶೂನ್ಯಕ್ಕಿಂತ ಸುಮಾರು 9 ಡಿಗ್ರಿ ಕೆಳಗಿನವರೆಗೂ ಅದು ರಸ್ತೆಯ ಮಂಜುಗಡ್ಡೆಯನ್ನು ಚೆನ್ನಾಗಿ ಕರಗಿಸುತ್ತದೆ. ಉಪ್ಪಿಲ್ಲದಿದ್ದರೆ ಜನ ಜಾರಿ ಸಾಯುತ್ತಾರೆ. ಉಪ್ಪಿದ್ದರೆ ಜನ ಉಳಿಯುತ್ತಾರೆ, ಕಾರು ಸಾಯುತ್ತದೆ. ಉಪ್ಪುನೀರು ಕಾರಿನ ಅಡಿಗೆ ಸಿಡಿದು, ಸಂದುಗಳಲ್ಲಿ ನಿಂತು, ಗಾಳಿಯ ತೇವವನ್ನೂ ಹೀರಿಕೊಂಡು, ಕಬ್ಬಿಣವನ್ನು ಗೆದ್ದಲಿನಂತೆ ತಿನ್ನುತ್ತದೆ.

ಈ ಉಪ್ಪಿನ ಮೂಲವನ್ನು ಕೇಳಿದಾಗ ನಾನು ನಿಜವಾಗಿಯೂ ಬೆರಗಾದೆ. ಅದು ಸಮುದ್ರದಿಂದ ಬಂದುದಲ್ಲ. ಈ ನಗರದ ಕೆಳಗೇ, ಸಾವಿರದ ನೂರು ಅಡಿಗೂ ಮಿಕ್ಕಿದ ಆಳದಲ್ಲಿ, ಉಪ್ಪಿನ ಗಣಿಯಿದೆ! ಸುಮಾರು ನಲವತ್ತು ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಕಡಲು ಬತ್ತಿಹೋಗಿ ಉಳಿಸಿದ ಉಪ್ಪು ಅದು. 1910ರ ವೇಳೆಗೆ ಅದರ ಬಾವಿ ಸಿದ್ಧವಾಯಿತು. ಇಂದು ಅಲ್ಲಿ, ಬೀದಿ ಮನೆಗಳ ಅಡಿಯಲ್ಲಿ, ಉಪ್ಪನ್ನೇ ಕೊರೆದು ಮಾಡಿದ ರಸ್ತೆಗಳಿವೆ. ಯಂತ್ರಗಳನ್ನು ಬಿಡಿ ಬಿಡಿಯಾಗಿ ಕೆಳಗಿಳಿಸಿ, ಪಾತಾಳದಲ್ಲೇ ಜೋಡಿಸುತ್ತಾರೆ. ಎಂಥ ವಿಧಿ ನೋಡಿ! ಕಾರನ್ನು ಹೆತ್ತದ್ದು ಈ ಊರು; ಕಾರನ್ನು ತಿನ್ನುವ ಉಪ್ಪನ್ನು ಒಡಲಲ್ಲಿ ಹೊತ್ತದ್ದೂ ಈ ಊರೇ.

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ನಮ್ಮ ಗಾದೆ ಮನುಷ್ಯನ ಪಾಪಕ್ಕೆ ಹೇಳಿದ್ದು. ಡೆಟ್ರಾಯಿಟಿನಲ್ಲಿ ಅದು ಕಾರಿಗೆ ಅಕ್ಷರಶಃ ಅನ್ವಯಿಸುತ್ತದೆ. ಹವೆ ಶೂನ್ಯಕ್ಕಿಂತ ಸ್ವಲ್ಪ ಮೇಲೇರಿದ ದಿನ ನೋಡಿ ಭಾವ ಕಾರಿನ ಹೊಟ್ಟೆಯನ್ನು ಅಡಿಯಿಂದ ನೀರಿನ ರಭಸಕ್ಕೆ ಹಿಡಿದು ತೊಳೆಸುತ್ತಿದ್ದರು. ಹಿಮಮೆತ್ತಿದ ಕಾರನ್ನು ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸುವುದು ಪ್ರೀತಿಯಲ್ಲ, ದ್ರೋಹ; ಬೆಚ್ಚಗಿದ್ದಷ್ಟೂ ತುಕ್ಕಿಗೆ ಚುರುಕು ಹೆಚ್ಚು ಎಂದು ಹಿರಿಯರ ಉಪದೇಶ. ನವೆಂಬರಿನಲ್ಲಿಯೇ ಅಡಿಭಾಗಕ್ಕೆಲ್ಲ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡನ್ನು ಬಳಿದಿದ್ದರು. ನಮ್ಮ ಕುರುಬರ ಕಂಬಳಿಯ ಮೇಲೆ ಮಳೆಹನಿ ಜಾರುವುದಕ್ಕೂ ಆ ಜಿಡ್ಡು ಒಂದು ಕಾರಣವೆಂದು ನೆನೆದು ನನಗೆ ಊರಿನವರನ್ನು ಕಂಡಂತಾಯಿತು. ರೇಡಿಯೇಟರಿನಲ್ಲಿ ಅರ್ಧ ನೀರು, ಅರ್ಧ ಗ್ಲೈಕಾಲ್. ಆ ಮಿಶ್ರಣ ಶೂನ್ಯಕ್ಕಿಂತ 37 ಡಿಗ್ರಿ ಕೆಳಗಿನವರೆಗೂ ಗಟ್ಟಿಯಾಗದು. ಚಳಿಗೆ ಟಯರಿನ ಗಾಳಿಯೂ ಕುಗ್ಗುವುದರಿಂದ ವಾರಕ್ಕೊಮ್ಮೆ ಅದನ್ನು ಅಳೆಯಬೇಕು. ಬಾಗಿಲಿನ ರಬ್ಬರು ಹೆಪ್ಪುಗಟ್ಟಿ ಅಂಟಿಕೊಳ್ಳದಂತೆ ಅದಕ್ಕೂ ಸಿಲಿಕೋನ್ ಲೇಪ. ಬಾಣಂತಿಯ ಉಪಚಾರವೂ ಇಷ್ಟು ಕಟ್ಟುನಿಟ್ಟಲ್ಲ.

ಒಂದು ಬೆಳಗ್ಗೆ ಹವೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿಳಿಯಿತು. ಭಾವ ಬೀಗದಕೈ ತಿರುಗಿಸಿದರೆ ಕಾರು ಒಮ್ಮೆ ನರಳಿ ಸುಮ್ಮನಾಯಿತು. ಆ ಚಳಿಯಲ್ಲಿ ಬ್ಯಾಟರಿಯ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎಂಜಿನ್ನಿನ ಎಣ್ಣೆಯೋ ಕಾಕಂಬಿಯಾಗಿರುತ್ತದೆ. ಅಕ್ಕನ ಕಾರಿನಿಂದ ತಂತಿ ಎಳೆದು ಜೀವ ತುಂಬಿದೆವು. ಕೊನೆಯ ಹಿಡಿಕೆಯನ್ನು ಬ್ಯಾಟರಿಗೆ ಹಚ್ಚದೆ ದೂರದ ಬರಿಯ ಲೋಹಕ್ಕೆ ಹಚ್ಚಬೇಕು, ಇಲ್ಲವಾದರೆ ಕಿಡಿ ಹಾರಿ ಅನಾಹುತವಾದೀತು ಎಂದು ಹಿರಿಯರು ತಮ್ಮ ಕಿಟಕಿಯಿಂದಲೇ ಕೈಸನ್ನೆ ಮಾಡಿದರು. ಹಿಂದಿನ ಕಾಲದಲ್ಲಿ ಎಂಜಿನ್ನನ್ನು ಕೈಯಿಂದ ತಿರುಗಿಸಿಯೇ ಹೊರಡಿಸಬೇಕಿತ್ತು. ಹಿಡಿಕೆ ಹಿಂದಕ್ಕೆ ಬಡಿದು ಮಣಿಕಟ್ಟು ಮುರಿದುಕೊಂಡವರು ಬಹಳ. ವಿದ್ಯುತ್ತಿನಿಂದ ಹೊರಡುವ ಸೌಕರ್ಯವನ್ನು 1912ರ ಮಾದರಿಯಲ್ಲಿ ಕ್ಯಾಡಿಲ್ಯಾಕ್ ಒದಗಿಸಿತು. ಅದರ ಬೆಲೆ ನನಗೆ ಅರಿವಾದದ್ದು ಆ ಬೆಳಗ್ಗೆ.

ಅದೇ ಕಾರಿನಲ್ಲಿ ಮರುದಿನ ಅಕ್ಕ, ಭಾವ, ನಾನು ನಗರದ ಕಲಾಶಾಲೆಗೆ ಹೋದೆವು. ಮೆಕ್ಸಿಕೋದ ದಿಯೆಗೊ ರಿವೇರ 1932–33ರಲ್ಲಿ ಬರೆದ 27 ಫಲಕಗಳ ಭಿತ್ತಿಚಿತ್ರ ಅಲ್ಲಿದೆ. ಕಾರು ಕಾರ್ಖಾನೆಯ ಚಿತ್ರವಾದರೂ ಅದರಲ್ಲಿ ಪೂರ್ತಿಯಾದ ಕಾರಿಗಾಗಿ ಕಣ್ಣು ಅರಸಬೇಕು. ಗೋಡೆ ತುಂಬ ಕಾಣುವುದು ಬಾಗಿದ ಬೆನ್ನುಗಳು, ಎಳೆಯುವ ತೋಳುಗಳು, ಹಿಡಿದ ಕೈಗಳು. ಹಿಂದಿರುಗುವಾಗ ಹೆದ್ದಾರಿಯಲ್ಲಿ ಕಾರು ಹಂಸದಂತೆ ಹರಿಯಿತು.

ಅದರ ಮರುದಿನ ಬೆಳಗ್ಗೆ ಮನೆಯ ಮುಂದಿನಿಂದ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ ಭಾವ ಬ್ರೇಕು ಒತ್ತಿದರು. ಪೆಡಲು ಕೆಸರಿಗೆ ಕಾಲಿಟ್ಟಂತೆ ಒಳಗಿಳಿಯಿತು. ಬ್ರೇಕಿನ ದ್ರವ ಎರಡು ಪ್ರತ್ಯೇಕ ದಾರಿಗಳಲ್ಲಿ ಹರಿಯುವುದರಿಂದ, ಉಳಿದೊಂದು ದಾರಿಯ ಬಲದಿಂದ ಕಾರು ಬೀದಿಯ ಅಂಚಿನಲ್ಲಿ ನಿಂತಿತು. ಹಿಮದ ಮೇಲೆ ಜೇನಿನ ಬಣ್ಣದ ಹನಿಗಳು. ಉಪ್ಪು ಒಂದು ಉಕ್ಕಿನ ನಳಿಕೆಯನ್ನು ತೂತು ಮಾಡಿತ್ತು.

ಯಾರೂ ಮಾತನಾಡಲಿಲ್ಲ. ಹಿಂದಿನ ದಿನದ ಹೆದ್ದಾರಿಯೇ ಮೂವರ ಕಣ್ಣ ಮುಂದೆಯೂ ಇತ್ತು. ಕೊನೆಗೆ ಅಕ್ಕ, “ಹಳೇದು ಅಂತ ನಾನು ಎಂದೂ ಬೇಡ ಅಂದಿಲ್ಲ. ನಂಬಿಕೆ ಇಲ್ಲದ್ದನ್ನ ಮನೇಲಿ ಇಟ್ಕೊಳೋದು ಹೇಗೆ? ಗುಜರಿಗೆ ಕೊಟ್ಟುಬಿಡಿ” ಎಂದಳು. ಪ್ರತಿ ಆಯುಧಪೂಜೆಗೆ ಆ ಕಾರಿಗೆ ಕುಂಕುಮವಿಟ್ಟು, ಚಕ್ರದಡಿಗೆ ನಿಂಬೆಹಣ್ಣಿಡುತ್ತಿದ್ದವಳು ಅವಳೇ. ಭಾವ ತಲೆ ತಗ್ಗಿಸಿದರು.

ಸಂಜೆ ಹಿರಿಯರು ಊರುಗೋಲು ಹಿಡಿದು ಬಂದರು. ವಿಷಯ ಕೇಳಿ, “ನಿನ್ನ ಹೆಂಡತಿ ಹೇಳಿದ್ದು ಸರಿ” ಎಂದರು. ಆಮೇಲೆ ಕಾರನ್ನು ಜಾಕಿನಿಂದ ಎತ್ತಿಸಿ, ಕಬ್ಬಿಣದ ಆಸರೆಗಳ ಮೇಲೆ ನಿಲ್ಲಿಸಿ, ಸಣ್ಣ ಸುತ್ತಿಗೆಯನ್ನು ಭಾವನವರ ಕೈಗೆ ಕೊಟ್ಟು ಅಡಿಯ ಚೌಕಟ್ಟನ್ನು ಅಂಗುಲ ಅಂಗುಲವಾಗಿ ತಟ್ಟಿಸಿದರು. ತಾವು ಪೀಠದ ಮೇಲೆ ಕಣ್ಣು ಮುಚ್ಚಿ ಕುಳಿತು ಕೇಳಿದರು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ಕಿವಿಗೊಡುವಂತೆ! “ಬೊದ್ದೆನ್ನುವ ಸದ್ದು ಒಂದು ಕಡೆ ಬಂದಿದ್ದರೂ ಗುಜರಿಗೇ ಕಳಿಸು ಎನ್ನುತ್ತಿದ್ದೆ. ಮೂಳೆ ಗಟ್ಟಿಯಾಗಿದೆ, ನರ ಬದಲಾಯಿಸಬಹುದು. ಆದರೆ ಒಂದನ್ನಲ್ಲ, ಎಲ್ಲವನ್ನೂ. ಉಳಿದವೂ ಅದೇ ವಯಸ್ಸಿನವು.”

ಮೂರು ದಿನ ಆ ಕೆಲಸ ನಡೆಯಿತು. ಉಕ್ಕಿಗೆ ಬದಲು ತಾಮ್ರ ನಿಕಲ್ ಬೆರಸಿದ, ತುಕ್ಕು ಹಿಡಿಯದ ನಳಿಕೆಯನ್ನು ತಂದರು. ಅದನ್ನು ಬಗ್ಗಿಸಿ, ಸೋರದಂತೆ ತುದಿಯನ್ನು ಮಡಿಸಿ ಅರಳಿಸುವುದು ಸೂಕ್ಷ್ಮವಾದ ವಿದ್ಯೆ. ಹಿರಿಯರು ತಾವೇ ಮಾಡಲು ಹೊರಟರು, ಕೈ ನಡುಗಿತು. ಎರಡನೆಯ ಸಲವೂ ನಡುಗಿತು. ಉಪಕರಣವನ್ನು ಮೆಲ್ಲನೆ ಭಾವನವರ ಅಂಗೈಯಲ್ಲಿಟ್ಟು, “ಇನ್ನು ನೀನು ಮಾಡು, ನಾನು ಹೇಳುತ್ತೇನೆ” ಎಂದರು. ಕಲಾಶಾಲೆಯ ಗೋಡೆಯ ಮೇಲೆ ಕಂಡ ಕೈಗಳಿಗೆ ವಯಸ್ಸಾದರೆ ಹೇಗಿರುತ್ತವೆಂಬುದನ್ನು ನಾನು ಆಗ ನೋಡಿದೆ. ಭಾವನವರ ಮೊದಲ ನಾಲ್ಕು ತುದಿಗಳನ್ನು ಅವರು ಬೆರಳಿನಿಂದ ಸವರಿ ಎಸೆದುಬಿಟ್ಟರು. ಐದನೆಯದನ್ನು ಸವರಿ ಏನೂ ಹೇಳದೆ ಇಟ್ಟುಕೊಂಡರು.

ಕನ್ನಡ ಎಂ.ಎ. ಪದವೀಧರನ ಸೇವೆಯೂ ಕೊನೆಯಲ್ಲಿ ಬೇಕಾಯಿತು. ನಳಿಕೆಯಲ್ಲಿ ಸೇರಿದ ಗಾಳಿಯನ್ನು ಹೊರಡಿಸಲು ಒಬ್ಬನು ಕುಳಿತು ಪೆಡಲನ್ನು ಒತ್ತಬೇಕು. “ಒತ್ತು”, “ಹಿಡಿದಿರು”, “ಬಿಡು” ಎಂದು ಕೆಳಗಿನಿಂದ ಆಜ್ಞೆ. ಅರ್ಧ ದಿನದ ಮೇಲೆ ಪೆಡಲು ಪಾದದ ಕೆಳಗೆ ಕಲ್ಲಿನಂತೆ ಗಟ್ಟಿಯಾಗಿ ನಿಂತಾಗ ಆದ ಸಂತೋಷ, ಕ್ಲಿಷ್ಟವಾದ ಹಳಗನ್ನಡ ಪದ್ಯದ ಅನ್ವಯ ಕುದುರಿದಾಗಲೂ ನನಗೆ ಆಗಿಲ್ಲ. ಭಾವ ಮೊದಲು ಬೀದಿಯಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ನೋಡಿದರು. ಬಳಿಕ ಕಾರ್ಯಾಗಾರವೊಂದರಲ್ಲಿ ಎಲ್ಲ ಜೋಡಣೆಗಳನ್ನೂ ಪರೀಕ್ಷೆ ಮಾಡಿಸಿದರು. ಆ ಪರೀಕ್ಷೆಯ ಚೀಟಿಯನ್ನು ಎರಡು ಸಲ ಓದಿದ ಮೇಲೆಯೇ ಅಕ್ಕ ಕಾರು ಹತ್ತಿದ್ದು.

ಅಂದು ರಾತ್ರಿ ಅಕ್ಕ ಮಾಡಿದ ಬಿಸಿಬೇಳೆಬಾತನ್ನು ಕಣ್ಣೀರು ಸುರಿಸುತ್ತ ಉಣ್ಣುತ್ತಿದ್ದ ಹಿರಿಯರು, ಏಪ್ರಿಲಿನಲ್ಲಿ ತಾವು ಅರಿಜೋನದ ಮಗನ ಮನೆಗೆ ಹೊರಟುಹೋಗುವುದಾಗಿ ತಿಳಿಸಿದರು. “ಅಲ್ಲಿನ ಬಿಸಿಲಿಗೆ ಕಾರು ತುಕ್ಕು ಹಿಡಿಯುವುದಿಲ್ಲ. ಮುದುಕರೂ ಹಿಡಿಯುವುದಿಲ್ಲವೆಂದು ನನ್ನ ಮಗನ ನಂಬಿಕೆ” ಎಂದು ನಕ್ಕರು. ಆಮೇಲೆ ತಮ್ಮ ಉಪಕರಣಗಳ ಪೆಟ್ಟಿಗೆ ಇನ್ನು ಈ ಮನೆಯಲ್ಲೇ ಇರಲಿ ಎಂದರು. ಭಾವ ಉತ್ತರ ಕೊಡದೆ ಅವರ ತಟ್ಟೆಗೆ ಇನ್ನೊಂದು ಸೌಟು ಮೊಸರನ್ನ ಬಡಿಸಿದರು. ಮೂರು ದಿನ ಅವರು ಕೂಡಿಸಿದ್ದು ಬ್ರೇಕಿನ ನಳಿಕೆಗಳನ್ನು ಮಾತ್ರವಲ್ಲವೆಂದು ನನಗೆ ಆಗ ಹೊಳೆಯಿತು. ಯಾವ ವಸ್ತುವೂ ಶಾಶ್ವತವಲ್ಲ. ಕಾರು ಇನ್ನೊಂದು ನಾಲ್ಕು ಚಳಿಗಾಲ ಬಾಳೀತು, ಅಥವಾ ಎರಡು. ಆದರೆ ರಿಪೇರಿ ಮಾಡುವ ವಿದ್ಯೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿತ್ತು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಉಪ್ಪಿನಿಂದ ಕಾಪಾಡಿದವರನ್ನೂ ಹಾಗೆಯೇ ನೆನೆಯಬೇಕಷ್ಟೆ.

ನಾನು ಊರಿಗೆ ಹೊರಟ ದಿನ ಮತ್ತೆ ಹಿಮ. ಹಿರಿಯರು ಕಿಟಕಿಯಲ್ಲಿ ನಿಂತು ಕೈಬೀಸಿದರು. ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಉಪ್ಪಿನ ಲಾರಿಯೊಂದು ನಮ್ಮ ಮುಂದೆಯೇ ಹೋಗುತ್ತಿತ್ತು. ಕಲ್ಲುಪ್ಪಿನ ಹರಳುಗಳು ಸಿಡಿದು ಕಾರಿನ ಅಡಿಗೆ ಪಟಪಟನೆ ಬಡಿಯುತ್ತಿದ್ದವು. ಭಾವ ಬ್ರೇಕನ್ನು ಮೃದುವಾಗಿ ಒತ್ತಿ, ಲಾರಿಯನ್ನು ಮುಂದೆ ಬಿಟ್ಟು, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು:

“ನಾಳೆ ಬಿಸಿಲು ಬಂದರೆ ತೊಳೀಬೇಕು.”