ಕತ್ತಿ ಕಟ್ಟಿದವರು ಯಾರು?

ಉಡುಪಿಗೆ ದಕ್ಷಿಣದಲ್ಲಿ, ಕೊಂಕಣ ರೈಲುದಾರಿಯ ಮೇಲಿರುವ ಇನ್ನಂಜೆಯ ಒಂದು ಮನೆಯ ಚಾವಡಿಗೆ ರಜೆಯಲ್ಲಿ ಇಬ್ಬರು ಪರದೇಶಿಗಳು ಬಂದಿಳಿದರು. ಮುಂಬಯಿಯಿಂದ ಬಂದ ಮೊಮ್ಮಗನ ಪೆಟ್ಟಿಗೆಯಿಂದ ಸುರುಳಿಯಾಗಿ ಹೊರಬಿದ್ದು, ಹಿರಿಯರ ಭಾವಚಿತ್ರಗಳ ಪಕ್ಕದಲ್ಲೇ ಗೋಡೆಯನ್ನೇರಿದರು. ಹಳದಿ ಹಿನ್ನೆಲೆ, ಬೆಳ್ಳಿಗೂದಲಿನ ಬಡಕಲು ಮನುಷ್ಯನೊಬ್ಬ, ಕಪ್ಪುವರ್ಣದ ತರುಣನೊಬ್ಬ, ಇಬ್ಬರ ಕೈಗೂ ಮುಷ್ಟಿಕಾಳಗದ ದಪ್ಪ ಗವಸು.

ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿಯ ಕೈ ನಿಂತಿತು.

"ಎಂತ ಮಗಾ ಇದು? ಆ ನರೆಗೂದಲಿನವನಿಗೆ ಹೊಡೆದಾಡುವ ಪ್ರಾಯವೇ?"

"ಇವರು ಜಟ್ಟಿಗಳಲ್ಲ ಅಜ್ಜಿ, ಚಿತ್ರಕಾರರು. ಇದು ತಮಾಷೆ" ಎಂದ ಮೊಮ್ಮಗ.

ನರೆಗೂದಲಿನವನು ಆಂಡಿ ವಾರ್ಹಾಲ್. 1962ರಲ್ಲಿ ಸೂಪಿನ ಡಬ್ಬಿಗಳನ್ನೇ ಸಾಲುಸಾಲಾಗಿ ಚಿತ್ರಿಸಿ ಪಾಪ್ ಕಲೆಗೆ ಹೆಸರು ತಂದವನು. ತರುಣ, ನ್ಯೂಯಾರ್ಕಿನ ಬೀದಿಗೋಡೆಗಳ ಮೇಲೆ ಬರೆದು ಬೆಳೆದ ಝಾನ್-ಮಿಶೆಲ್ ಬಾಸ್ಕಿಯಾ. ಇಬ್ಬರೂ ಕೂಡಿ ರಚಿಸಿದ 16 ಚಿತ್ರಗಳು 1985ರ ಸೆಪ್ಟೆಂಬರಿನಲ್ಲಿ ಆ ನಗರದ ಟೋನಿ ಶಫ್ರಾಝಿ ಗ್ಯಾಲರಿಯಲ್ಲಿ ಪ್ರದರ್ಶನಗೊಂಡಾಗ ಹೊರಟ ಭಿತ್ತಿಪತ್ರವಿದು. ವಾರ್ಹಾಲ್ ಪತ್ರಿಕೆಯ ತಲೆಬರಹವನ್ನೋ ವ್ಯಾಪಾರಮುದ್ರೆಯನ್ನೋ ಅಚ್ಚುಕಟ್ಟಾಗಿ ಬರೆದಿಡುವುದು. ಬಾಸ್ಕಿಯಾ ಅದರ ಮೇಲೆ ಗೀಚಿ, ಹೊಡೆದುಹಾಕಿ, ವಿಚಿತ್ರಾಕೃತಿಗಳನ್ನು ನಿಲ್ಲಿಸುವುದು.

"ತಾಳಮದ್ದಳೆಯ ಹಾಗೆ" ಎಂದರು ಅಜ್ಜಿ. "ರಾತ್ರಿಯಿಡೀ ಕರ್ಣ, ಅರ್ಜುನ ಎಂದು ವಾದಿಸಿದವರು ಬೆಳಗಿಗೆ ಒಟ್ಟಿಗೆ ಕುಳಿತು ಕಾಪಿ ಕುಡಿಯುವುದಿಲ್ಲವೇ?"

ಆದರೆ ಇಲ್ಲಿ ಕಾಫಿ ತಣ್ಣಗಾಯಿತು. ವಿಮರ್ಶಕರು ತಮಾಷೆಯ ಕಾಳಗದಲ್ಲಿ ಸೋಲುಗೆಲುವು ಎಣಿಸಿದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಿಮರ್ಶೆಯಂತೂ ತರುಣನನ್ನು ಹಿರಿಯನ ಕೈಗೊಂಬೆಯೆಂಬಂತೆ ಕಂಡಿತು. ಅನಂತರ ಇಬ್ಬರ ಸ್ನೇಹ ಮೊದಲಿನಂತಿರಲಿಲ್ಲ. 1987ರ ಫೆಬ್ರುವರಿಯಲ್ಲಿ ವಾರ್ಹಾಲ್ ತೀರಿಕೊಂಡ. ಮರುವರ್ಷದ ಆಗಸ್ಟಿನಲ್ಲಿ, ಕೇವಲ 27ನೆಯ ವಯಸ್ಸಿಗೆ, ಬಾಸ್ಕಿಯಾನೂ ಹೋದ. ಅವರ ಜೋಡಿಕೃತಿಗಳಲ್ಲಿ ಒಂದು ಬಹು ವಿಲಕ್ಷಣ: ಗುದ್ದುವ ಅಭ್ಯಾಸಕ್ಕೆ ತೂಗುಹಾಕುವ 10 ಚೀಲಗಳು, ಅವುಗಳ ಮೇಲೆ ಕ್ರಿಸ್ತನ ಮುಖ, ಜೊತೆಗೆ ಮತ್ತೆ ಮತ್ತೆ ಬರೆದ ಒಂದೇ ಮಾತು — 'ಜಡ್ಜ್'.

ಮೊಮ್ಮಗ ಇಷ್ಟು ಹೇಳಿ ಸುಮ್ಮನಾದ. ಅವನೂ ಅವನ ತಮ್ಮನೂ ಮುಂಬಯಿಯಲ್ಲಿ ಕೂಡಿಯೇ ಜಾಹೀರಾತಿನ ಚಿತ್ರ ಬರೆಯುತ್ತಿದ್ದವರು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ, "ನಿಮ್ಮಿಬ್ಬರಲ್ಲಿ ನಿಜವಾದ ಕಲಾವಿದ ಯಾರಪ್ಪಾ?" ಎಂದು ನೆಂಟರೊಬ್ಬರು ನಗುತ್ತ ಕೇಳಿದ್ದರು. ಅಂದಿನಿಂದ ಅಣ್ಣತಮ್ಮಂದಿರಲ್ಲಿ ಮಾತಿಲ್ಲ. ಈ ರಜೆಗೆ ಅಣ್ಣನೊಬ್ಬನೇ ಊರಿಗೆ ಬಂದಿದ್ದ.

ಇನ್ನಂಜೆಯಿಂದ ಹೆಚ್ಚು ದೂರವಲ್ಲದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹೆಸರಾದ ಕೆ. ಕೆ. ಹೆಬ್ಬಾರರು ಕೋಳಿ ಅಂಕವನ್ನು ಚಿತ್ರಿಸಿದ್ದುಂಟು. ಕರಾವಳಿಯವರಿಗೆ ಆ ನೋಟ ಹೊಸದಲ್ಲ. ಅಜ್ಜಿಗೂ ನೆನಪಾದದ್ದು ಅದೇ.

"ಅಂಗಳದಲ್ಲಿ ಬಿಟ್ಟ ಹುಂಜಗಳೂ ಕಾದಾಡುತ್ತವೆ ಮಗಾ. ನಾಲ್ಕು ಪುಕ್ಕ ಉದುರುತ್ತದೆ, ಸೋತದ್ದು ಓಡುತ್ತದೆ. ಸಂಜೆಗೆ ಎರಡೂ ಒಂದೇ ಗೂಡಿಗೆ. ಅಂಕದಲ್ಲಿ ರಕ್ತ ಬರುವುದು ಕಾಲಿಗೆ ಕತ್ತಿ ಕಟ್ಟುವುದರಿಂದ. ಕೋಳಿಗೆ ಕತ್ತಿ ಎಲ್ಲಿಂದ ಬಂತು? ಕಟ್ಟಿದವರು ಸುತ್ತ ನಿಂತು ನೋಡುವವರು."

ಮೊಮ್ಮಗ ಉತ್ತರ ಕೊಡಲಿಲ್ಲ. ಅಜ್ಜಿ ಮತ್ತೆ ಮಲ್ಲಿಗೆಯ ದಾರ ಎತ್ತಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅವನು ಫೋನು ಹಿಡಿದು ಅಂಗಳಕ್ಕಿಳಿದ. ಆ ಕಡೆಯಿಂದ ಯಾರೋ ಮಾತೆತ್ತಿದಂತಾಯಿತು. ಇವನು ಮೊದಲು ಕೆಮ್ಮಿದ; ಅನಂತರ, "ನಾನು ಮಾರಾಯಾ, ಊರಿಂದ" ಎಂದ.