ಸೂಜಿ ಚುಚ್ಚಿದರೂ ಸುಮ್ಮನಿರಬೇಕೆ?

ನಮ್ಮ ಚಿನಕುರಳಿ ಹೋಬಳಿಯ ಮನೆಗಳಿಗೆ ವೈದ್ಯಕೀಯ ಶಿಕ್ಷಣ ಈಗ ದೂರದ ಮಾತಾಗಿ ಉಳಿದಿಲ್ಲ. ಕಬ್ಬು, ಭತ್ತ ಬೆಳೆದು ಬಾಳಿದ ಕುಟುಂಬಗಳ ಹೆಣ್ಣುಮಕ್ಕಳು ಮಂಡ್ಯಕ್ಕೋ ಮೈಸೂರಿಗೋ ಬೆಳ್ಳೂರಿಗೋ ಹೋಗಿ ನರ್ಸಿಂಗ್ ಓದುತ್ತಿದ್ದಾರೆ, ಕೆಲವರು ಎಂ.ಬಿ.ಬಿ.ಎಸ್. ಕೂಡ. ಮಗಳು ಬಿಳಿಯ ಕೋಟು ತೊಟ್ಟು ತೆಗೆಸಿಕೊಂಡ ಭಾವಚಿತ್ರವನ್ನು ಬಂದವರಿಗೆಲ್ಲ ತೋರಿಸುತ್ತೇವೆ. ರಾತ್ರಿಪಾಳಿಯಲ್ಲಿ ಆಕೆ ಎಲ್ಲಿ ಕೂರುತ್ತಾಳೆಂದು ಕೇಳುವವರು ವಿರಳ.

ನಮ್ಮ ಬಂಧುವರ್ಗದ ಹುಡುಗಿಯೊಬ್ಬಳು ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಾಗ ನಡೆದ ಸಂಗತಿಯಿದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ ಅದು ಆಕೆಯ ಬೆರಳಿಗೆ ಚುಚ್ಚಿತು. ಸೂಜಿ ಹಾಕುವ ಡಬ್ಬಿಯೇ ಆ ವಾರ್ಡಿನಲ್ಲಿರಲಿಲ್ಲ. ಆಕೆ ಕೈ ತೊಳೆದುಕೊಂಡು ಸುಮ್ಮನಾದಳು. ಮರುದಿನ ಊರಿಗೆ ಬಂದವಳು ಅಜ್ಜಿಯ ಬಳಿ ಅತ್ತಳು. ಮನೆಯ ಹಿರಿಯರೊಬ್ಬರು, “ಯಾರ ಮುಂದೂ ಎತ್ತಬೇಡ ಕಣವ್ವ, ನಂಬರು ಅವರ ಕೈಲದೆ” ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು; ಸಾಲ ಮಾಡಿ ಶುಲ್ಕ ಕಟ್ಟಿದವರ ಭಯ. ಆದರೆ ರಕ್ತದ ರೋಗಕ್ಕೆ ಆ ಭಯ ತಿಳಿಯದು. ಎಚ್.ಐ.ವಿ. ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಂಭವ ಸುಮಾರು ಸಾವಿರಕ್ಕೆ ಮೂರು. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಅಪಾಯ ಇದಕ್ಕಿಂತ ಬಹಳ ಹೆಚ್ಚು. ಎಚ್.ಐ.ವಿ. ತಡೆಯುವ ಔಷಧವನ್ನು ಎರಡು ಗಂಟೆಯೊಳಗೆ ಆರಂಭಿಸುವುದು ಉತ್ತಮ. 72 ಗಂಟೆ ಮೀರಿದರೆ ಅದರಿಂದ ಪ್ರಯೋಜನವಿಲ್ಲ. ನಾವು ಅದೇ ಸಂಜೆ ಆಕೆಯನ್ನು ವೈದ್ಯರ ಬಳಿಗೆ ಕಳುಹಿಸಿದೆವು. ರೋಗಿಯ ರಕ್ತದಲ್ಲಿ ದೋಷವಿಲ್ಲವೆಂದು ತಿಳಿಯುವವರೆಗೆ ಆ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ.

ಸೂಜಿಗಿಂತ ಘೋರವಾದ ಅಪಾಯಗಳೂ ಉಂಟು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದರು. 1973ರ ನವೆಂಬರ್ 27ರಂದು, ಕೆಲಸ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ, ಅಲ್ಲಿಯ ನೌಕರನೇ ಅವರ ಮೇಲೆ ಎರಗಿದ. 2015ರ ಮೇ 18ರಂದು ಕಣ್ಮುಚ್ಚುವವರೆಗೆ ಅವರು ಹಾಸಿಗೆಯಿಂದ ಏಳಲಿಲ್ಲ. ಸಹೋದ್ಯೋಗಿ ದಾದಿಯರು ಅಂದು ಮುಷ್ಕರ ಹೂಡಿದ್ದರು. ನಾಲ್ಕು ದಶಕ ಅವರನ್ನು ಮಗುವಿನಂತೆ ಸಲಹಿದವರೂ ಆ ಆಸ್ಪತ್ರೆಯ ದಾದಿಯರೇ. ಕೊಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ 2024ರ ಆಗಸ್ಟ್ 9ರಂದು ಕೊಲೆಯಾದ ತರಬೇತಿ ವೈದ್ಯೆ, ದೀರ್ಘಪಾಳಿಯ ನಡುವೆ ಸಭಾಕೊಠಡಿಯಲ್ಲಿ ಮಲಗಿದ್ದವಳು. ಐವತ್ತು ವರ್ಷ ಕಳೆದರೂ ಹೆಣ್ಣುಮಗಳಿಗೆ ಚಿಲಕವಿರುವ ಒಂದು ಕೋಣೆ ಒದಗಿರಲಿಲ್ಲ. ಆ ಬಾರಿ ದೇಶದೆಲ್ಲೆಡೆ ಕಿರಿಯ ವೈದ್ಯರೂ ವಿದ್ಯಾರ್ಥಿಗಳೂ ಬೀದಿಗಿಳಿದರು. ಆಗಸ್ಟ್ 20ರಂದು ಸರ್ವೋಚ್ಚ ನ್ಯಾಯಾಲಯ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು.

ಗುರುವಿನೆದುರು ಬಾಯಿ ತೆರೆಯುವುದು ಅವಿಧೇಯತೆ ಎನ್ನುವವರು ನಮ್ಮಲ್ಲೂ ಇದ್ದಾರೆ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಪ್ರಶ್ನೆಗಳಿಗೆ ಅಕ್ಕಮಹಾದೇವಿ ತಲೆತಗ್ಗಿಸದೆ ಉತ್ತರಿಸಿದ ಪ್ರಸಂಗವನ್ನು ಪ್ರವಚನದಲ್ಲಿ ಕೇಳಿ ತಲೆದೂಗುವವರೂ ಅವರೇ! ಮಕ್ಕಳನ್ನು ಸೇರಿಸುವಾಗ ಶುಲ್ಕದ ಜೊತೆಗೆ ಇನ್ನೆರಡು ಮಾತು ಕೇಳಬಹುದು. 2013ರ ಕಾಯಿದೆಯಂತೆ ಹತ್ತು ಮಂದಿ ದುಡಿಯುವ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿಯಿರಬೇಕು. ಅದರ ಅಧ್ಯಕ್ಷೆ ಹಿರಿಯ ಮಹಿಳೆಯೇ ಆಗಿರಬೇಕು. ಅವರು ಯಾರು? ಹೆಪಟೈಟಿಸ್ ಲಸಿಕೆಯ ಮೂರೂ ವರಸೆ ವಾರ್ಡಿಗೆ ಕಳುಹಿಸುವ ಮುನ್ನವೇ ಆಗುತ್ತವೆಯೆ?

ನಮ್ಮ ಹುಡುಗಿ ಸಹಪಾಠಿಗಳೊಡನೆ ಅರ್ಜಿ ಬರೆದಳು. ಯಾರೊಬ್ಬರ ಹೆಸರೂ ಮೊದಲು ಬಾರದಂತೆ ಸಹಿಗಳನ್ನು ಸುತ್ತಲೂ ವೃತ್ತಾಕಾರವಾಗಿ ಹಾಕಿದರಂತೆ! ಹದಿನೈದು ದಿನಗಳಲ್ಲಿ ವಾರ್ಡಿಗೆ ಚುಚ್ಚದಂಥ ಗಟ್ಟಿ ಬಿಳಿಯ ಡಬ್ಬಿ ಬಂದಿತು. ಆಕೆಯ ಅಂಕಗಳು ಕಡಿಮೆಯಾಗಲಿಲ್ಲ. ರಾತ್ರಿಪಾಳಿಯ ಕೋಣೆಗೆ ಚಿಲಕ ಬೇಕೆಂಬ ಎರಡನೆಯ ಕೋರಿಕೆ ಹಾಗೆಯೇ ಇದೆ. ಬರುವ ತಿಂಗಳ ಪೋಷಕರ ಸಭೆಗೆ ಊರಿನಿಂದ ಇಬ್ಬರು ಹೋಗಲು ಒಪ್ಪಿದ್ದಾರೆ. “ನಂಬರು ಅವರ ಕೈಲದೆ” ಎಂದ ಹಿರಿಯರೂ ಅವರಲ್ಲೊಬ್ಬರು.